ಕಿರುತೆರೆ ಕಟ್ಟೆ: ಮುಫಾಸನಿಗೆ ಕನ್ನಡ ಬರುತ್ತಿತ್ತು!



ಕಳೆದ ಸಂಚಿಕೆ ಓದಿ ನಲ್ಲಕುಂಟದ ಹುಡುಗನೊಬ್ಬ ಈ ಅಂಕಣಕ್ಕೆ ಪತ್ರ ಬರೆದಿದ್ದಾನೆ. ಪತ್ರ ಅಂದರೆ ಅಂಚೆಯಲ್ಲಿ ಬಂದದ್ದಲ್ಲ, ವಾಟ್ಸಾಪಿನಲ್ಲಿ ಬಂದದ್ದು. ಕನ್ನಡದ ಮಾತು, ಇಂಗ್ಲಿಷಿನ ಅಕ್ಷರ, ನಡುವೆ ಎರಡು ತೆಲುಗು ಪದ. ಇರಲಿ, ಬರೆದನಲ್ಲ, ಅದೇ ಸಂತೋಷ. ಅವನ ತಕರಾರು ಏನೆಂದರೆ, ಅಂಕಲ್ ಪ್ರತಿ ಸಲ ‘ಮಾಲ್ಗುಡಿ ಡೇಸ್’ ಹೊಗಳುತ್ತಾರೆ, ಆದರೆ ಅವನ ವಯಸ್ಸಿನವರು ನೋಡುವುದು ‘ಡೀಮನ್ ಸ್ಲೇಯರ್’. 2025ರ ಸೆಪ್ಟೆಂಬರಿನಲ್ಲಿ ಅದರ ‘ಇನ್ಫಿನಿಟಿ ಕ್ಯಾಸಲ್’ ಚಿತ್ರ ನಮ್ಮ ದೇಶಕ್ಕೆ ಬಂತು. ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಎಲ್ಲ ಇತ್ತು. ಕನ್ನಡ ಮಾತ್ರ ಇರಲಿಲ್ಲ. ಕನ್ನಡ ಓದು ಕನ್ನಡ ಓದು ಅಂತ ಸಂಘದವರೆಲ್ಲ ಹೇಳುತ್ತೀರಿ, ಕನ್ನಡದಲ್ಲಿ ನೋಡುವುದಕ್ಕೆ ನಮಗೆ ಏನು ಕೊಟ್ಟಿದ್ದೀರಿ ಎಂದು ಕೇಳಿದ್ದಾನೆ.

ಏಟು ಸರಿಯಾದ ಜಾಗಕ್ಕೇ ಬಿದ್ದಿದೆ. ಆದ್ದರಿಂದ ಈ ಸಲ ಯಾವ ಧಾರಾವಾಹಿಗೆ ಎಷ್ಟು ಅಂಕ ಎಂಬ ಲೆಕ್ಕ ಬದಿಗಿಟ್ಟು ಅವನ ಪ್ರಶ್ನೆಗೇ ಬರುತ್ತೇನೆ. ನಡುನಡುವೆ ನನ್ನ ಅಭಿಪ್ರಾಯಗಳನ್ನೂ ತೂರಿಸುತ್ತೇನೆ. ಅಂಕಣಕಾರನಿಗೆ ಅಷ್ಟಾದರೂ ಸ್ವಾತಂತ್ರ್ಯ ಬೇಡವೇ?

ಮೊದಲು ಸ್ವಲ್ಪ ಇತಿಹಾಸ. ಹೆದರಬೇಡಿ, ಪರೀಕ್ಷೆ ಇಲ್ಲ. 1960ರ ಸುಮಾರಿನ ಕನ್ನಡ ಚಿತ್ರರಂಗ ಬಡವರ ಸಂಸಾರ. ವರ್ಷಕ್ಕೆ ತಯಾರಾಗುತ್ತಿದ್ದ ಚಿತ್ರಗಳೇ ಕಡಿಮೆ, ಅದರಲ್ಲೂ ಹೆಚ್ಚಿನ ಕೆಲಸ ಮದರಾಸಿನ ಸ್ಟುಡಿಯೋಗಳಲ್ಲಿ. ಅಂಥ ಕಾಲದಲ್ಲಿ ಪಕ್ಕದ ಭಾಷೆಯ ದೊಡ್ಡ ಚಿತ್ರಗಳು ಕನ್ನಡದ ದನಿ ತೊಟ್ಟು ಬರತೊಡಗಿದವು. 1957ರ ‘ಮಾಯಾಬಜಾರ್’ ಕೂಡ ಹಾಗೆ ಕನ್ನಡ ಮಾತಾಡಿತ್ತು. ಹೀಗೇ ಬಿಟ್ಟರೆ ನಮ್ಮ ನಟ, ತಂತ್ರಜ್ಞ, ಬರಹಗಾರರಿಗೆ ಕೆಲಸವೇ ಇರುವುದಿಲ್ಲವೆಂದು ಅ.ನ. ಕೃಷ್ಣರಾಯರಂಥ ಸಾಹಿತಿಗಳೂ ರಾಜ್‌ಕುಮಾರ್ ಅವರಂಥ ಕಲಾವಿದರೂ ದನಿಯೆತ್ತಿದರು. ಡಬ್ಬಿಂಗ್ ನಿಂತಿತು. ಕಾನೂನೇನೂ ಇರಲಿಲ್ಲ, ಆದರೆ ಕಾನೂನಿಗಿಂತ ಬಿಗಿಯಾದ ಕಟ್ಟುಪಾಡು. ಅಂದಿನ ಪರಿಸ್ಥಿತಿಯಲ್ಲಿ ಅದು ತಪ್ಪು ಎಂದು ನಾನು ಹೇಳುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ನೀರು ಯಾವ ಬಾವಿಯದು ಎಂದು ಯಾರೂ ಕೇಳುವುದಿಲ್ಲ.

ತೊಡಕು ಬಂದದ್ದು ಮುಂದೆ. ದೊಡ್ಡವರಿಗೆ ಆ ಕಟ್ಟುಪಾಡಿನಿಂದ ಅಂಥ ತೊಂದರೆಯೇನೂ ಆಗಲಿಲ್ಲ, ಯಾಕೆಂದರೆ ರೀಮೇಕ್ ಎಂಬ ಹಿಂಬಾಗಿಲು ತೆರೆದೇ ಇತ್ತು. ಹಿಂದಿಯ ‘ಬಾಲಿಕಾ ವಧು’ ಕನ್ನಡಕ್ಕೆ ಬೇಕೆ? ಇನ್ನೊಬ್ಬ ಪುಟ್ಟ ಹುಡುಗಿಯನ್ನು ಹುಡುಕಿ, ಇನ್ನೊಂದು ಮನೆ ಕಟ್ಟಿ ‘ಪುಟ್ಟಗೌರಿ ಮದುವೆ’ ಮಾಡಿದರಾಯಿತು. ತೆಲುಗಿನ ನಾಯಕನ ಜಾಗದಲ್ಲಿ ನಮ್ಮ ನಾಯಕ, ಅವನ ಹೈದರಾಬಾದಿನ ಜಾಗದಲ್ಲಿ ನಮ್ಮ ಹುಬ್ಬಳ್ಳಿ. ಆದರೆ ಕಾರ್ಟೂನನ್ನು ರೀಮೇಕ್ ಮಾಡುವುದು ಹೇಗೆ? ಮಿಕ್ಕಿ ಮೌಸ್‌ಗೆ ಬದಲಿ ನಟ ಎಲ್ಲಿ ಸಿಗುತ್ತಾನೆ? ಬರೆದ ಚಿತ್ರಕ್ಕೆ ಹೊಸ ದನಿ ಕೊಡಬಹುದು, ಇಲ್ಲವೇ ಬಿಡಬಹುದು. ಮೂರನೆಯ ದಾರಿ ಇಲ್ಲ. ಹಾಗಾಗಿ ದೊಡ್ಡವರ ಹೊಟ್ಟೆಪಾಡಿಗಾಗಿ ಮಾಡಿದ ಕಟ್ಟುಪಾಡಿನ ಪೂರ್ತಿ ದಂಡ ಕಟ್ಟಿದವರು ಮಕ್ಕಳು. ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಈಗ ನಮ್ಮೂರಿಗೆ ಬನ್ನಿ. ನಾನೂ ನಿಮ್ಮ ಹಾಗೆ ಇಲ್ಲೇ ಬೆಳೆದವನು, ಕಾಚಿಗುಡದ ಗಲ್ಲಿಗಳಲ್ಲಿ. ನಮ್ಮ ಕಾಲಕ್ಕೆ ಟೀವಿಯಲ್ಲಿ ಕನ್ನಡ ಕಾಣಬೇಕಿದ್ದರೆ ಭಾನುವಾರ ಮಧ್ಯಾಹ್ನ ದೂರದರ್ಶನದ ರಾಷ್ಟ್ರೀಯ ಜಾಲದಲ್ಲಿ ಬರುತ್ತಿದ್ದ ಪ್ರಾದೇಶಿಕ ಭಾಷೆಯ ಚಿತ್ರವೇ ಗತಿ. ಸರದಿ ಪ್ರಕಾರ ಎಲ್ಲ ಭಾಷೆಗಳೂ ಮುಗಿದು ಕನ್ನಡ ಬರುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಬಂದದ್ದೂ ಪ್ರಶಸ್ತಿ ಪಡೆದ ಚಿತ್ರ. ಅಪ್ಪ ಕಣ್ಣೊರೆಸಿಕೊಳ್ಳುತ್ತಿದ್ದರು, ನಮಗೆ ನಿದ್ದೆ.

ನಮ್ಮ ನಿದ್ದೆ ಬಿಡಿಸಿದ್ದು ‘ಜಂಗಲ್ ಬುಕ್’. 1990ರ ದಶಕದ ಮೊದಲ ಭಾಗದ ಭಾನುವಾರಗಳ ಮಾತು. ಕಥೆ ಬರೆದವರು ಇಂಗ್ಲಿಷಿನ ಕಿಪ್ಲಿಂಗ್, ಚಿತ್ರ ಬರೆದವರು ಜಪಾನಿನವರು, ನಮ್ಮ ಮನೆಗೆ ಬಂದದ್ದು ಹಿಂದಿಯಲ್ಲಿ. ಹಿಂದಿಯವರು ಆ ಕೆಲಸವನ್ನು ಹೇಗೆ ಮಾಡಿದರು ನೋಡಿ. ಶೀರ್ಷಿಕೆ ಗೀತೆ ಬರೆಯಲು ಗುಲ್ಜಾರ್, ರಾಗಕ್ಕೆ ವಿಶಾಲ್ ಭಾರದ್ವಾಜ್, ಶೇರ್‌ಖಾನ್ ಹುಲಿಗೆ ನಾನಾ ಪಾಟೇಕರ್ ದನಿ. ಮಕ್ಕಳ ಕಾರ್ಟೂನು ತಾನೆ, ಯಾರಾದರೂ ಸರಿ ಅನ್ನಲಿಲ್ಲ. ಡಬ್ಬಿಂಗನ್ನು ಬಾಯಿ ಅಲ್ಲಾಡಿದಷ್ಟು ಹೊತ್ತು ಪದ ತುಂಬುವ ಕೂಲಿ ಎಂದುಕೊಳ್ಳದೆ ಬರವಣಿಗೆ ಎಂದೇ ತಿಳಿದರು. ಫಲವೇನೆಂದರೆ, ಇಂದಿಗೂ ನಲವತ್ತು ದಾಟಿದ ಹೈದರಾಬಾದಿ ಕನ್ನಡಿಗನೊಬ್ಬನನ್ನು ಬಾಲ್ಯದ ಹಾಡು ಯಾವುದು ಎಂದು ಕೇಳಿದರೆ ಥಟ್ಟನೆ ಬಾಯಿಗೆ ಬರುವುದು ಮೋಗ್ಲಿಯ ಹಿಂದಿ ಹಾಡು. ಬೇಕಾದರೆ ಈ ಸಂಜೆ ನಿಮ್ಮ ಚಿಕ್ಕಪ್ಪನ ಮೇಲೆ ಪ್ರಯೋಗ ಮಾಡಿ ನೋಡಿ.

2009ರಲ್ಲಿ ಸನ್ ಬಳಗದವರು ಕನ್ನಡದ ಮಕ್ಕಳಿಗೆಂದೇ ‘ಚಿಂಟು’ ವಾಹಿನಿ ತೆರೆದರು. ಹೊರದೇಶದ ಕಾರ್ಟೂನುಗಳು ಅಂತೂ ಕನ್ನಡ ಮಾತಾಡಿದವು. ಅದೇ ವರ್ಷ ತೆಲುಗಿಗೆ ‘ಖುಷಿ’ಯೂ ಬಂತು. ನಮ್ಮ ಬೀದಿಯ ಕೇಬಲ್ಲಿನವನು ಖುಷಿ ಹಾಕಿದ, ಚಿಂಟು ಹಾಕಲಿಲ್ಲ. ಅವನದೇನು ತಪ್ಪು? ಬೀದಿಯಲ್ಲಿ ಕನ್ನಡದ ಮನೆ ಮೂರು.

2019ರ ‘ದಿ ಲಯನ್ ಕಿಂಗ್’ ಬಂದಾಗಿನ ಸಂಗತಿ ನನಗೆ ಇಂದಿಗೂ ನುಂಗಲಾರದ ತುತ್ತು. ಇಂಗ್ಲಿಷ್, ಹಿಂದಿ, ತಮಿಳು, ತೆಲುಗು; ಕನ್ನಡ ಇಲ್ಲ. ತೆಲುಗಿನಲ್ಲಿ ಸಿಂಬನಿಗೆ ನಾನಿ, ಸ್ಕಾರ್‌ಗೆ ಜಗಪತಿ ಬಾಬು, ಪುಂಬಾ ಮತ್ತು ಟಿಮೋನ್‌ಗೆ ಬ್ರಹ್ಮಾನಂದಂ ಮತ್ತು ಅಲಿ. ಎಂಥ ಜೋಡಿ! ಹಂದಿ ಬಾಯಿ ತೆರೆದರೆ ಸಾಕು, ಚಿತ್ರಮಂದಿರ ನಗುತ್ತಿತ್ತು. ಮತ್ತೆ ಆ ಗಂಭೀರ ಮುಫಾಸನಿಗೆ ದನಿ ಯಾರದು ಗೊತ್ತೇ? ಪಿ. ರವಿಶಂಕರ್ ಅವರದು. 2011ರ ‘ಕೆಂಪೇಗೌಡ’ದಲ್ಲಿ ಆರ್ಮುಗಂ ಆಗಿ ಸುದೀಪ್ ಎದುರು ಅಬ್ಬರಿಸಿ ಕರ್ನಾಟಕದ ಮನೆಮಾತಾದರಲ್ಲ, ಅದೇ ರವಿಶಂಕರ್. ಅಂದರೆ ಮುಫಾಸನಿಗೆ ಕನ್ನಡ ಬರುತ್ತಿತ್ತು! ಸೊಗಸಾಗಿಯೇ ಬರುತ್ತಿತ್ತು. ಆಡಿಸುವವರು ಇರಲಿಲ್ಲ. 2024ರಲ್ಲಿ ‘ಮುಫಾಸ’ ಬಂದಾಗಲೂ ಅದೇ ನಾಲ್ಕು ಭಾಷೆ, ತೆಲುಗಿನಲ್ಲಿ ಮಹೇಶ್ ಬಾಬು ದನಿ. ನಮ್ಮ ಸಂಘದ ಹುಡುಗರೆಲ್ಲ ತೆಲುಗಿನಲ್ಲೇ ನೋಡಿ ಬಂದರು. ನಾನೂ ನೋಡಿದೆ, ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ?

ಇದರಿಂದ ಏನು ಹೋಯಿತು, ಒಂದು ಸಿನಿಮಾ ತಾನೆ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಯುಗಾದಿಯ ವನಭೋಜನದಲ್ಲಿ ನಮ್ಮ ಮಕ್ಕಳನ್ನು ಸ್ವಲ್ಪ ಹೊತ್ತು ಗಮನಿಸಿ ಎಂದೆ. ಹಿರಿಯರ ಜೊತೆ ಮಾತಾಡುವಾಗ ಮಕ್ಕಳದು ಒಳ್ಳೆಯ ಕನ್ನಡ. ಊಟ ಆಯ್ತಾ, ಪರೀಕ್ಷೆ ಯಾವಾಗ, ನಮಸ್ಕಾರ ಅಜ್ಜಿ. ಬ್ಯಾಟು ಕೈಗೆ ಬಂದ ಕ್ಷಣ ಕನ್ನಡ ಮಾಯ! ಜಗಳ ತೆಲುಗಿನಲ್ಲಿ, ಗೇಲಿ ನಮ್ಮ ಹೈದರಾಬಾದಿ ಹಿಂದಿಯಲ್ಲಿ, ಗೆದ್ದಾಗಿನ ಕೂಗು ಇಂಗ್ಲಿಷಿನಲ್ಲಿ. ಅಕ್ಕಪಕ್ಕದ ಮನೆಯ ಮಕ್ಕಳಿದ್ದರೆ ಸರಿ, ಇರಬೇಕಾದದ್ದೇ. ಆದರೆ ಅಲ್ಲಿದ್ದವರೆಲ್ಲ ಕನ್ನಡದ ಮನೆಯ ಮಕ್ಕಳೇ. ಅವರಿಗೆ ಕನ್ನಡ ವಿಧೇಯತೆಯ ಭಾಷೆ, ದೊಡ್ಡವರು ಕೇಳಿದ್ದಕ್ಕೆ ಉತ್ತರ ಕೊಡುವ ಭಾಷೆ. ಆಟದ ಭಾಷೆ ಅಲ್ಲ. ಆಟದ ಮಾತನ್ನು ಅಮ್ಮ ಕಲಿಸುವುದಿಲ್ಲ. ಅದನ್ನು ಕಲಿಸುವುದು ಬೀದಿ ಮತ್ತು ಕಾರ್ಟೂನು. ಇಲ್ಲಿ ಬೀದಿ ಕನ್ನಡದ್ದಲ್ಲ. ಉಳಿದದ್ದು ಕಾರ್ಟೂನು ಒಂದೇ ಆಗಿತ್ತು.

ಕನ್ನಡದಲ್ಲಿ ಆ ಸಾಮಾನು ಇಲ್ಲವೆಂದಲ್ಲ. ಹೊಡೆದಾಟದ ಕಾರ್ಟೂನಿಗೆ ಬೇಕಾದ ಮಾತುಗಳನ್ನೇ ನೋಡಿ: ಹೊಡಿ, ಬಡಿ, ಗುದ್ದು, ಒದೆ, ಚಚ್ಚು, ತದಕು, ಬಾರಿಸು, ಜಪ್ಪು. ಒಂದೊಂದಕ್ಕೂ ಬೇರೆ ಬೇರೆ ಪೆಟ್ಟು. ಗುದ್ದುವುದು ಮುಷ್ಟಿಯಿಂದ, ಒದೆಯುವುದು ಕಾಲಿನಿಂದ, ತದಕುವುದು ಸಿಟ್ಟು ತೀರುವವರೆಗೆ. ಟಾಮ್ ಪಾಪ ಜೆರ್ರಿಯಿಂದ ಈ ಎಂಟನ್ನೂ ತಿಂದಿದ್ದಾನೆ. ನಮ್ಮ ಮಕ್ಕಳಿಗೆ ಗೊತ್ತಿರುವುದು ‘ಹೊಡಿ’ ಒಂದೇ. ಇನ್ನು ಪ್ರಾಂತ್ಯದ ಮಾತುಗಳು! ಟಿಮೋನ್ ಮಂಡ್ಯದ ಕನ್ನಡದಲ್ಲಿ ವಟವಟ ಅನ್ನಬೇಕು, ಪುಂಬಾ ಕಲಬುರಗಿಯ ಕನ್ನಡದಲ್ಲಿ ಯಾಕ ಹಂಗ ಮಾಡಾಕತ್ತಿ ಅನ್ನಬೇಕು. ಬೀದರ್, ಕಲಬುರಗಿ, ರಾಯಚೂರಿನಿಂದ ಬಂದ ಮನೆಗಳು ಈ ಊರಲ್ಲಿ ಎಷ್ಟಿಲ್ಲ? ತಮ್ಮ ಅಜ್ಜನ ಮಾತನ್ನು ಒಂದು ಹಂದಿಯ ಬಾಯಲ್ಲಿ ಕೇಳಿ ಆ ಮಕ್ಕಳು ಬಿದ್ದುಬಿದ್ದು ನಗುತ್ತಿದ್ದರು. ಅಜ್ಜನಿಗೆ ಕೋಪ ಬರುತ್ತಿತ್ತೇನೋ, ಅದು ಬೇರೆ ಮಾತು.

ಹುಡುಗನ ಇನ್ನೊಂದು ದೂರಿಗೆ ಬರುತ್ತೇನೆ. ಮಾಲ್ಗುಡಿಯನ್ನು ಯಾಕೆ ಹೊಗಳುತ್ತೇನೆ? ಶಂಕರ್‌ನಾಗ್ ಅದನ್ನು ಆಗುಂಬೆಯಲ್ಲಿ ತೆಗೆದದ್ದು 1980ರ ದಶಕದಲ್ಲಿ. ಆರ್.ಕೆ. ನಾರಾಯಣರ ಕಥೆ, ಆರ್.ಕೆ. ಲಕ್ಷ್ಮಣರ ರೇಖೆ, ಎಲ್. ವೈದ್ಯನಾಥನ್ ಸಂಗೀತ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್. ನಾವು ನೋಡಿದ್ದು ಹಿಂದಿಯಲ್ಲಿ. ಮಾತು ಹಿಂದಿ, ಆದರೆ ಪಂಚೆ ಉಟ್ಟ ರೀತಿ, ಜಗಲಿಯ ಮೇಲೆ ಕೂತ ಭಂಗಿ, ಮಳೆ ಬಂದಾಗ ಹಂಚಿನ ಸೂರಿನಿಂದ ಇಳಿಯುವ ನೀರು, ಎಲ್ಲ ಕನ್ನಡ. ಮನೆಯಲ್ಲಿ ಬಾಯಿಯ ಕನ್ನಡ, ಟೀವಿಯಲ್ಲಿ ಮೈಯ ಕನ್ನಡ. ಎರಡನ್ನೂ ನಾವೇ ಹೊಲಿದುಕೊಂಡೆವು. ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿ ಸಂಗ್ರಹಾಲಯ ಮಾಡಿದ್ದಾರೆ, ಶಿವಮೊಗ್ಗದ ಕಡೆ ಹೋದಾಗ ನೋಡಿ ಬನ್ನಿ.

ಅದರಲ್ಲಿ ತಿಂಗಳಿಗೆ ನಲವತ್ತೈದು ರೂಪಾಯಿ ಸಂಬಳದ ಗುಮಾಸ್ತನ ಕಥೆಯೊಂದಿದೆ, ಪಾತ್ರ ವಿಷ್ಣುವರ್ಧನ್ ಅವರದು. ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಪುಟ್ಟ ಮಗಳಿಗೆ ಬೆಳಿಗ್ಗೆ ಮಾತು ಕೊಡುತ್ತಾನೆ. ಕಚೇರಿ ಬಿಡುವುದಿಲ್ಲ. ರಾಜೀನಾಮೆಯೇ ಬರೆಯುತ್ತಾನೆ, ಅಷ್ಟರಲ್ಲಿ ಸಂಬಳ ಐದು ರೂಪಾಯಿ ಏರಿದ ಸುದ್ದಿ ಬಂದು ರಾಜೀನಾಮೆ ಹರಿದುಹೋಗುತ್ತದೆ. ಅವನು ಮನೆಗೆ ಬರುವಾಗ ಮಗಳು ಹೊಸ ಅಂಗಿ ಬಿಚ್ಚದೆ ಹಾಗೇ ನಿದ್ದೆ ಹೋಗಿರುತ್ತಾಳೆ. ಹೈಟೆಕ್ ಸಿಟಿಯಿಂದ ರಾತ್ರಿ ಹತ್ತಕ್ಕೆ ಬರುವ ಅಪ್ಪ ಅಮ್ಮಂದಿರ ಮಕ್ಕಳು ನೀವು. ಈ ಕಥೆ ಹಳತಾಗಿದೆ ಎಂದು ನನಗೆ ಹೇಳಬೇಡಿ. ಒಂದೇ ಕಂತಿನಲ್ಲಿ ಮುಗಿಯುತ್ತದೆ, ಜಾಹೀರಾತು ಇಲ್ಲ.

ಹಳೆಯದರಲ್ಲಿ ಇನ್ನೊಂದು ಹೆಸರು ಹೇಳಿ ಮುಂದೆ ಹೋಗುತ್ತೇನೆ. 1990ರ ಸುಮಾರಿನ ‘ಗುಡ್ಡದ ಭೂತ’, ಸದಾನಂದ ಸುವರ್ಣರ ನಿರ್ದೇಶನ. ಅದು ಬಂದದ್ದು ಬೆಂಗಳೂರು ದೂರದರ್ಶನದಲ್ಲಿ, ನಾನು ನೋಡಿದ್ದು ಎಷ್ಟೋ ವರ್ಷಗಳ ಮೇಲೆ ಯೂಟ್ಯೂಬಿನಲ್ಲಿ. ‘ಸ್ಕೂಬಿ ಡೂ’ ನೋಡುವವರು ಅವಶ್ಯ ನೋಡಬೇಕು. ಗುಡ್ಡದ ಮೇಲೆ ಭೂತ ನಿಜವಾಗಿ ಇದೆಯೇ ಎಂಬುದನ್ನು ನನ್ನ ಬಾಯಿಂದ ಕೇಳಬೇಡಿ. ನಾಯಕನನ್ನು ಕಂಡು ನಿಮಗೆ ನಗು ಬಂದೀತು: ‘ಒಕ್ಕಡು’ವಿನ ಓಬುಲ್ ರೆಡ್ಡಿ! ನೀವು ತೆಲುಗಿನ ಖಳನಾಯಕ ಎಂದುಕೊಂಡಿರುವ ಪ್ರಕಾಶ್ ರಾಜ್ ನಮ್ಮ ಪ್ರಕಾಶ್ ರೈ. ಎಳೆಯ ವಯಸ್ಸಿನಲ್ಲಿ ಕನ್ನಡದ ಕಿರುತೆರೆಯಲ್ಲಿ ಅಚ್ಚುಕಟ್ಟಾಗಿ ನಟಿಸಿದವರು.

ಇನ್ನೊಂದು ಸಂಗತಿ ನಿಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು. ಕನ್ನಡ ಧಾರಾವಾಹಿಗಳ ಒಂದು ಒಳ್ಳೆಯ ಕಾಲಕ್ಕೆ ತವರುಮನೆ ನಮ್ಮ ಹೈದರಾಬಾದು. 2000ದ ಡಿಸೆಂಬರಿನಲ್ಲಿ ಶುರುವಾದ ಈಟಿವಿ ಕನ್ನಡ ರಾಮೋಜಿ ರಾವ್ ಅವರ ಈನಾಡು ಬಳಗದ್ದು. ಧಾರಾವಾಹಿಗಳು ತಯಾರಾಗುತ್ತಿದ್ದದ್ದು ಕರ್ನಾಟಕದಲ್ಲೇ. ಸುದ್ದಿ ಮಾತ್ರ ವಿಜಯವಾಡ ರಸ್ತೆಯ ರಾಮೋಜಿ ಫಿಲ್ಮ್ ಸಿಟಿಯಿಂದ. ಬೆಂಗಳೂರಿನ ಮಳೆಯ ಸುದ್ದಿಯನ್ನು ಇಲ್ಲಿಯ ಬಿಸಿಲಿನಲ್ಲಿ ಕೂತು ಓದುತ್ತಿದ್ದರು! ಆ ಕಾಲದಲ್ಲಿ ಕರ್ನಾಟಕದಿಂದ ಬಂದ ಎಷ್ಟೋ ತರುಣ ಪತ್ರಕರ್ತರು ಈ ಊರಿನ ಅನ್ನ ತಿಂದರು. 2015ರಲ್ಲಿ ವಾಹಿನಿ ಕಲರ್ಸ್ ಕನ್ನಡವಾಯಿತು.

ಆ ವಾಹಿನಿಯಲ್ಲಿ ಬಂದದ್ದರಲ್ಲಿ ನನ್ನ ಆಯ್ಕೆ ಹೇಳಿಬಿಡುತ್ತೇನೆ. ಗಿರೀಶ ಕಾಸರವಳ್ಳಿಯವರ ‘ಗೃಹಭಂಗ’ಕ್ಕೆ ಮೊದಲ ಸ್ಥಾನ, ಆದರೆ ಅದು ನಿಮಗೆ ಇಪ್ಪತ್ತೈದು ತುಂಬಿದ ಮೇಲೆ. ವೈಶಾಲಿ ಕಾಸರವಳ್ಳಿಯವರ ‘ಮೂಡಲಮನೆ’ಯನ್ನು ಉತ್ತರ ಕರ್ನಾಟಕದ ಮಾತಿಗಾಗಿಯೇ ನೋಡಬೇಕು. ‘ಮುಕ್ತ’ದಲ್ಲಿ ಟಿ.ಎನ್. ಸೀತಾರಾಮ್ ಅವರೇ ವಕೀಲರಾಗಿ ನಿಂತು ವಾದಿಸುವ ನ್ಯಾಯಾಲಯದ ದೃಶ್ಯಗಳು ಇಂಗ್ಲಿಷ್ ಧಾರಾವಾಹಿಗಳಿಗೆ ಕಡಿಮೆಯಿಲ್ಲ. ಮಿಕ್ಕ ಕಂತುಗಳಲ್ಲಿ ಎಲ್ಲರೂ ಸ್ವಲ್ಪ ಜಾಸ್ತಿಯೇ ಅಳುತ್ತಾರೆ ಎಂಬುದು ನನ್ನ ಮನೆಯವಳ ಅಭಿಪ್ರಾಯ, ನನ್ನದೂ ಅದೇ. ನಿಮ್ಮ ವಯಸ್ಸಿಗೆ ಶುರುಮಾಡಲು ‘ಸಿಲ್ಲಿ ಲಲ್ಲಿ’ಯೇ ಸರಿ. ರವಿಶಂಕರ್ ಗೌಡರ ಡಾಕ್ಟರ್ ವಿಠ್ಠಲ್ ರಾವ್ ಮಾತಾಡುವುದನ್ನು ಕೇಳಿ. ಮುಫಾಸನ ರವಿಶಂಕರ್ ಬೇರೆ, ಇವರು ಬೇರೆ, ಗಲಿಬಿಲಿ ಬೇಡ. ನಡುಮನೆಯಲ್ಲಿ ಕೂತು ಮೂರು ತಲೆಮಾರು ಒಟ್ಟಿಗೆ ನಕ್ಕದ್ದು ಇಂಥದ್ದಕ್ಕೇ. ಇಂದಿನ ಧಾರಾವಾಹಿಗಳಲ್ಲಿ ಒಂದು ಕೆನ್ನೆಗೆ ಬಿದ್ದ ಏಟನ್ನು ಆರು ಕೋನದಿಂದ ತೋರಿಸುತ್ತಾರೆ. ತದಕುವುದು ಅಂದರೆ ಏನೆಂದು ಅಲ್ಲಿ ಕಲಿಯಬಹುದು.

ಈಗ ಒಳ್ಳೆಯ ಸುದ್ದಿ. ಕಟ್ಟುಪಾಡು ಸಡಿಲಿದೆ. 2012ರಲ್ಲಿ ಆಮೀರ್ ಖಾನ್ ಅವರ ‘ಸತ್ಯಮೇವ ಜಯತೇ’ ನೆರೆಯ ಮೂರೂ ಭಾಷೆಗಳಲ್ಲಿ ಬಂದು ಕನ್ನಡದಲ್ಲಿ ಬರದಿದ್ದಾಗ ಗ್ರಾಹಕರೇ ಕೇಳತೊಡಗಿದರು. ಕನ್ನಡ ಗ್ರಾಹಕರ ಕೂಟ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. ಡಬ್ಬಿಂಗನ್ನು ತಡೆಯುವುದು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಆಯೋಗ 2015ರ ಜುಲೈನಲ್ಲಿ ಹೇಳಿತು. 2017ರಲ್ಲಿ ಒಂದು ತಮಿಳು ಚಿತ್ರ ‘ಸತ್ಯದೇವ್ ಐಪಿಎಸ್’ ಹೆಸರಿನಲ್ಲಿ ಕನ್ನಡವಾಡಿತು. 2020ರ ಲಾಕ್‌ಡೌನ್‌ನಲ್ಲಿ ಸ್ಟಾರ್ ಸುವರ್ಣದಲ್ಲಿ ಹಿಂದಿಯ ‘ಮಹಾಭಾರತ’ ಕನ್ನಡದಲ್ಲಿ ಬಂದು ಮನೆಮನೆಯನ್ನೂ ಹಿಡಿದು ಕೂರಿಸಿತು. ಶಕುನಿಯ ಕನ್ನಡ ಕೇಳಿ ನಾನಂತೂ ಬೆರಗಾದೆ. ಕನ್ನಡ ಚಿತ್ರರಂಗ ಮುಳುಗಲಿಲ್ಲ. ಅದೇ ವರ್ಷಗಳಲ್ಲಿ ಅದರ ಚಿತ್ರಗಳೇ ಡಬ್ ಆಗಿ ದೇಶವೆಲ್ಲ ಓಡಿದವು. 2018ರ ‘ಕೆ.ಜಿ.ಎಫ್.’ ಅನ್ನು ನಿಮ್ಮ ತೆಲುಗು ಗೆಳೆಯರು ನೋಡಿದ್ದು ಯಾವ ಭಾಷೆಯಲ್ಲಿ, ಹೇಳಿ?

2023ರ ಜೂನಿನಲ್ಲಿ ‘ಸ್ಪೈಡರ್ ಮ್ಯಾನ್: ಅಕ್ರಾಸ್ ದಿ ಸ್ಪೈಡರ್ ವರ್ಸ್’ ನಮ್ಮ ದೇಶದಲ್ಲಿ ಹತ್ತು ಭಾಷೆಗಳಲ್ಲಿ ಬಂತು. ಅದರಲ್ಲಿ ಕನ್ನಡವೂ ಒಂದು! ಹಾಲಿವುಡ್ಡಿನ ಅಂಥ ದೊಡ್ಡ ಅನಿಮೇಷನ್ ಚಿತ್ರದ ಪ್ರಕಟಣೆಯಲ್ಲಿ ಕನ್ನಡದ ಹೆಸರು ಕಂಡ ದಿನ ನಾನು ಆ ಕಾಗದವನ್ನು ಮೂರು ಸಲ ಓದಿದೆ. ಅನಿಮೇಷನ್ ಕಲೆಯಾಗಿ ನೋಡಿದರೂ ಕಳೆದ ಹತ್ತು ವರ್ಷಗಳ ಅತ್ಯುತ್ತಮ ಚಿತ್ರಗಳಲ್ಲಿ ಅದು ಒಂದೆಂದು ನನ್ನ ಮತ. ಒಂದೊಂದು ಲೋಕಕ್ಕೂ ಒಂದೊಂದು ಕುಂಚ. ಗ್ವೆನ್‌ಳ ಲೋಕದಲ್ಲಿ ಅವಳ ಮನಸ್ಸು ಬದಲಾದಂತೆ ಗೋಡೆಯ ಬಣ್ಣ ಕರಗಿ ಇಳಿಯುತ್ತದೆ. ನಮ್ಮವನೇ ಆದ ಪವಿತ್ರ್ ಪ್ರಭಾಕರ್‌ನ ಮುಂಬ್ಯಾಟನ್ ಊರಂತೂ ನಮ್ಮ ಹಳೆಯ ಚಿತ್ರಕಥಾ ಪುಸ್ತಕದ ಹಾಳೆ ಎದ್ದು ಬಂದ ಹಾಗೆ.

ಪುರಾಣಕ್ಕೆ ಒಗ್ಗುವ ಗ್ರಾಂಥಿಕ ಕನ್ನಡ ಈ ಹುಡುಗನಿಗೆ ಒಗ್ಗುವುದಿಲ್ಲ. ಜೇಡರ ಮನುಷ್ಯ ‘ನಾನು ಶೀಘ್ರವಾಗಿ ಆಗಮಿಸುತ್ತೇನೆ’ ಎಂದರೆ ಖಳನಾಯಕನೇ ನಕ್ಕುಬಿಟ್ಟಾನು. ಇಲ್ಲಿ ಬೇಕಾದದ್ದು ನಿಮ್ಮ ವಯಸ್ಸಿನವರು ನಿಜವಾಗಿ ಆಡುವ ಕನ್ನಡ. ಅದನ್ನು ಬರೆಯುವವರು ಬೆಂಗಳೂರಿನಲ್ಲಿ ಇನ್ನೂ ತಯಾರಾಗಬೇಕು, ಯಾಕೆಂದರೆ ಐವತ್ತು ವರ್ಷ ಆ ಕೆಲಸವೇ ಇರಲಿಲ್ಲ. ಬಾಣಲೆ ಒಲೆಯ ಮೇಲಿಟ್ಟು ಐವತ್ತು ವರ್ಷವಾಗಿದ್ದರೆ ಮೊದಲ ದೋಸೆ ಹರಿಯುವುದು ಸಹಜ. ಎರಡನೆಯದು ಎದ್ದೀತು, ಆದರೆ ತಿನ್ನುವವರು ಕೂತಿರಬೇಕು.

ತಿನ್ನುವವರು ಇದ್ದಾರೆಂದು ತೋರಿಸಿದ್ದು ‘ಮಹಾವತಾರ ನರಸಿಂಹ’. 2025ರ ಜುಲೈ 25ರಂದು ಬಂತು. ನಿರ್ದೇಶಕ ಅಶ್ವಿನ್ ಕುಮಾರ್, ಅರ್ಪಿಸಿದವರು ನಮ್ಮ ಕನ್ನಡದ ಹೊಂಬಾಳೆ ಫಿಲಂಸ್. ಮೊದಲ ದಿನವೇ ಕನ್ನಡವೂ ಸೇರಿ ಐದು ಭಾಷೆಯಲ್ಲಿ. ಅಬ್ಬರದ ಪ್ರಚಾರವಿಲ್ಲದೆ, ನೋಡಿದವರ ಬಾಯಿಮಾತಿನಿಂದಲೇ ಭಾರತೀಯ ಅನಿಮೇಷನ್ ಚಿತ್ರಗಳಲ್ಲೆಲ್ಲ ಅತಿ ಹೆಚ್ಚು ಗಳಿಸಿತು. ಅಭಿಮಾನಿಯಾಗಿ ನನ್ನ ತೀರ್ಪು: ಮುಖಗಳು ಕೆಲವು ಕಡೆ ಮೇಣದ ಬೊಂಬೆಯಂತಿವೆ, ಕಯಾಧುವಿನ ಕಣ್ಣೀರು ಕೆನ್ನೆಗೆ ಅಂಟುವುದೇ ಇಲ್ಲ, ಮೊದಲರ್ಧ ಎಳೆದಿದ್ದಾರೆ. ಆದರೆ ಕಂಬ ಒಡೆದ ಮೇಲಿನ ಭಾಗ, ಅಬ್ಬಾ! ಸದ್ದೇ ಸಾಕು. ನಮ್ಮ ಮನೆಯಲ್ಲಿ ಅಜ್ಜಿ ಎಂಬತ್ತು ದಾಟಿದವರು. ಅವರ ಲೆಕ್ಕದಲ್ಲಿ ಹಿರಣ್ಯಕಶಿಪು ಅಂದರೆ 1983ರ ‘ಭಕ್ತ ಪ್ರಹ್ಲಾದ’ದ ರಾಜ್‌ಕುಮಾರ್ ಒಬ್ಬರೇ, ಪ್ರಹ್ಲಾದ ಅಂದರೆ ಪುನೀತ್. ಪಕ್ಕದ ಮನೆಯ ತೆಲುಗು ತಾತನಿಗೆ ಎಸ್.ವಿ. ರಂಗಾರಾವ್. ಇಬ್ಬರೂ ಕಾಂಪೌಂಡಿನ ಮೇಲಿಂದ ವಾದ ಮಾಡಿದ್ದೇ ಮಾಡಿದ್ದು! ನಡುವೆ ನನ್ನ ಮಗ ಕಂಬ ಒಡೆಯುವ ದೃಶ್ಯವನ್ನು ಅಜ್ಜಿಗೆ ಕನ್ನಡದಲ್ಲಿ ವಿವರಿಸುತ್ತಿದ್ದ. ಕೇಳಿದ್ದಕ್ಕೆ ಕೊಟ್ಟ ಉತ್ತರವಲ್ಲ ಅದು, ತಾನಾಗಿ ಶುರುಮಾಡಿದ ಮಾತು. ಎಷ್ಟೋ ತಿಂಗಳ ಮೇಲೆ.

ಇನ್ನೆರಡು ಚಿತ್ರಗಳ ಹೆಸರು ಹೇಳಬೇಕು. ಬೆಂಗಳೂರಿನ ವಿ. ರವಿಶಂಕರ್ (ಇವರು ಮೂರನೆಯ ರವಿಶಂಕರ್, ನಾನೇನು ಮಾಡಲಿ?) ಇನ್ಫೋಸಿಸ್‌ನಲ್ಲಿ ಉದ್ಯೋಗ ಮಾಡುತ್ತಲೇ, ಜನರಿಂದ ಹಣ ಕೂಡಿಸಿ, ಇಳಯರಾಜ ಸಂಗೀತದಲ್ಲಿ ‘ಪುಣ್ಯಕೋಟಿ’ ಎಂಬ ಅನಿಮೇಷನ್ ಚಿತ್ರ ಮಾಡಿದರು. 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ನಮ್ಮ ಗೋವಿನ ಹಾಡಿನ ಕಥೆ, ಹುಲಿಗೆ ಕೊಟ್ಟ ಮಾತಿಗೆ ತಪ್ಪದ ಹಸುವಿನ ಕಥೆ. ಚಿತ್ರದ ಭಾಷೆ ಸಂಸ್ಕೃತ! ಸಂಸ್ಕೃತದ ಮೇಲಿನ ಪ್ರೀತಿಯಿಂದ ಮಾಡಿದರು, ಅದು ಅವರ ಹಕ್ಕು, ಸಾಹಸಕ್ಕೆ ನನ್ನ ನಮಸ್ಕಾರ. ಆದರೂ ಪ್ರತಿ ಕನ್ನಡ ಅಜ್ಜಿಯ ಗಂಟಲಲ್ಲಿರುವ ಹಸು ಪರದೆಯ ಮೇಲೆ ಸಂಸ್ಕೃತವಾಡುವಾಗ ಕಿವಿ ಏನನ್ನೋ ಹುಡುಕುತ್ತದೆ.

ಇನ್ನೊಂದು ನಮ್ಮ ಊರಿನದು. ‘ಛೋಟಾ ಭೀಮ್’ ಹುಟ್ಟಿದ್ದು ಹೈದರಾಬಾದಿನಲ್ಲಿ ಎಂಬುದು ನಿಮ್ಮ ಬೆಂಗಳೂರಿನ ಸೋದರ ಸಂಬಂಧಿಗಳಿಗೆ ಗೊತ್ತೇ? ರಾಜೀವ್ ಚಿಲಕಾ ಅಮೆರಿಕದಿಂದ ಮರಳಿ 2001ರಲ್ಲಿ ಗ್ರೀನ್ ಗೋಲ್ಡ್ ಕಟ್ಟಿದರು, ಭೀಮ 2008ರಲ್ಲಿ ಪೋಗೊ ವಾಹಿನಿಗೆ ಬಂದ. ಲಡ್ಡು ತಿಂದರೆ ಶಕ್ತಿ! ನನಗೆ ಅವನ ಹೊಡೆದಾಟಕ್ಕಿಂತ ಇಷ್ಟವಾದದ್ದು 2019ರ ‘ಮೈಟಿ ಲಿಟಲ್ ಭೀಮ್’, ಅಂಬೆಗಾಲಿಡುವ ಭೀಮನ ಕಿರುಕಥೆಗಳು. ಕೂಸಿಗೆ ಇನ್ನೂ ಮಾತು ಬಾರದು, ಆದ್ದರಿಂದ ಯಾವ ದೇಶದವರಿಗೂ ಡಬ್ಬಿಂಗಿನ ಗೊಡವೆಯಿಲ್ಲ. ಮಾತು ಬರುವ ವಯಸ್ಸಾದ ಮೇಲೆಯೇ ಎಲ್ಲ ತಾಪತ್ರಯ.

ಹುಡುಗನಿಗೆ ನನ್ನ ಉತ್ತರ ಇಷ್ಟು: ಕೊಟ್ಟದ್ದು ಕಡಿಮೆ, ಬಂದದ್ದು ತಡ, ನೀನು ಕೇಳಿದ್ದು ಸರಿ. ಆದರೆ ಈಗ ಬಂದಿರುವುದನ್ನು ಕನ್ನಡದಲ್ಲಿ ನೋಡು. ಒಟಿಟಿಯಲ್ಲಿ ಭಾಷೆ ಆರಿಸುವ ಜಾಗದಲ್ಲಿ ಕನ್ನಡವಿದ್ದರೆ ಒತ್ತು. ಮಾತು ಚೆನ್ನಾಗಿಲ್ಲದಿದ್ದರೆ ಬೈದು ಬರೆ, ಕನ್ನಡದಲ್ಲೇ ಬೈ. ನಾವು ಒತ್ತದಿದ್ದರೆ ಇವರಿಗೆ ತೆಲುಗೇ ಸಾಕು ಎಂದು ಲೆಕ್ಕ ಹಾಕಿ ಕೂರುತ್ತಾರೆ.

ಕೊನೆಗೆ ಎಲ್ಲರಿಗೂ ಒಂದು ಸ್ಪರ್ಧೆ. ಸ್ಪೈಡರ್ ಮ್ಯಾನ್ ಚಿತ್ರದಲ್ಲಿ ಅಮೆರಿಕದ ಮೈಲ್ಸ್ ‘ಚಾಯ್ ಟೀ’ ಅಂದಾಗ ಪವಿತ್ರ್ ಸಿಡಿಮಿಡಿಗೊಳ್ಳುತ್ತಾನಲ್ಲ, ಚಾಯ್ ಅಂದರೇ ಟೀ, ನೀನು ಟೀ ಟೀ ಅಂದ ಹಾಗಾಯಿತು ಎಂದು? ಆ ಮಾತನ್ನು ಇರಾನಿ ಚಾಯ್ ಕುಡಿದು ಬೆಳೆದ ಹೈದರಾಬಾದಿನ ಕನ್ನಡ ಹುಡುಗ ಅಥವಾ ಹುಡುಗಿ ಹೇಗೆ ಹೇಳಬೇಕು? ನಮ್ಮಲ್ಲೂ ಅಂಥವು ಬೇಕಾದಷ್ಟಿವೆ: ಗೇಟು ಬಾಗಿಲು, ನಡು ಸೆಂಟರು, ಕೊನೇ ಲಾಸ್ಟು, ವಾಪಸ್ ರಿಟರ್ನು. ನಾಲ್ಕು ಸಾಲಿಗೆ ಮೀರದಂತೆ ಸಂಭಾಷಣೆ ಬರೆದು ಕಳಿಸಿ. ಮೈಸೂರಿನ ಕನ್ನಡ, ಧಾರವಾಡದ ಕನ್ನಡ, ಬೀದರಿನ ಕನ್ನಡ, ಯಾವುದಾದರೂ ಸರಿ. ಕನ್ನಡ ಅಕ್ಷರದಲ್ಲಿ ಬರೆದರೆ ಎರಡು ಅಂಕ ಹೆಚ್ಚು. ಚೆನ್ನಾಗಿರುವ ಮೂರನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಅಪ್ಪ ಅಮ್ಮ ಬರೆದುಕೊಟ್ಟರೆ ನನಗೆ ಗೊತ್ತಾಗಿಬಿಡುತ್ತದೆ!